ಉಂಗುರವನ್ನು ಒಲ್ಲದ ಶಕುಂತಲೆ

ಕಾಳಿದಾಸನ ಶಾಕುಂತಲ ನಾಟಕದ ಏಳನೆಯ ಅಂಕದಲ್ಲಿ ಶಕುಂತಲೆಯ ಬಾಯಿಂದ ಒಂದು ಸಣ್ಣ ಮಾತು ಬರುತ್ತದೆ. ಓದುವವರು ಸಾಮಾನ್ಯವಾಗಿ ಅದರ ಮೇಲೆ ಕಣ್ಣು ನಿಲ್ಲಿಸದೆ ಮುಂದೆ ಸಾಗುವರು. ಹೇಮಕೂಟ ಪರ್ವತದ ಮೇಲೆ, ಮಾರೀಚ ಮಹರ್ಷಿಯ ಆಶ್ರಮದಲ್ಲಿ, ವರ್ಷಗಳ ಅಗಲಿಕೆಯ ತರುವಾಯ ಗಂಡಹೆಂಡಿರು ಒಬ್ಬರನ್ನೊಬ್ಬರು ಕಂಡಿದ್ದಾರೆ. ದುಷ್ಯಂತನು ಆಕೆಯ ಕಾಲಿಗೆ ಬಿದ್ದು ಎದ್ದಿದ್ದಾನೆ. ತಾನು ಹಿಂದೆ ಕಡೆಗಣಿಸಿದ ಕಣ್ಣೀರನ್ನು ಈಗ ತನ್ನ ಕೈಯಿಂದಲೆ ಒರೆಸಿದ್ದಾನೆ. ಆ ಕೈಯಲ್ಲಿ ಶಕುಂತಲೆಗೆ ಉಂಗುರವು ಕಾಣುತ್ತದೆ. ಇದರಿಂದಲೇ ತನಗೆ ನೆನಪು ಮರಳಿತೆಂದು ಹೇಳಿ, ಅರಸನು ಅದನ್ನು ಮರಳಿ ಆಕೆಗೆ ತೊಡಿಸಲು ಮುಂದಾಗುತ್ತಾನೆ. ಆಗ ಶಕುಂತಲೆಯು ಅದರಲ್ಲಿ ತನಗೆ ವಿಶ್ವಾಸವಿಲ್ಲವೆಂದೂ, ಅದನ್ನು ಆರ್ಯಪುತ್ರನೇ ತೊಟ್ಟುಕೊಂಡಿರಲೆಂದೂ ಹೇಳಿಬಿಡುತ್ತಾಳೆ. ಅಷ್ಟರಲ್ಲಿ ಮಾತಲಿಯು ರಂಗವನ್ನು ಪ್ರವೇಶಿಸುತ್ತಾನೆ. ಮಾತು ಅಲ್ಲಿಗೇ ಕಡಿದುಹೋಗುತ್ತದೆ. ಅರಸನು ಏನನ್ನು ಉತ್ತರ ಕೊಡುತ್ತಿದ್ದನೋ ನಮಗೆ ತಿಳಿಯದು.

ಈ ಮಾತನ್ನು ನಾಚಿಕೆಯ ಮಾತೆಂದು ಬಗೆಯಬಹುದು, ಸರಸದ ಮಾತೆಂದೂ ಬಗೆಯಬಹುದು. ನಮಗಾದರೋ ಇದು ನಾಟಕದಲ್ಲಿ ಶಕುಂತಲೆಯು ಆಡಿದ ಮಾತುಗಳಲ್ಲೆಲ್ಲ ಅತ್ಯಂತ ತೂಕದ ಮಾತೆಂದು ತೋರುತ್ತದೆ. ಒಂದನೆಯ ಅಂಕದ ಶಕುಂತಲೆಯು ಇದನ್ನು ಆಡಲಾರಳು; ಐದನೆಯ ಅಂಕದ ಶಕುಂತಲೆಗೂ ಇದು ಹೊಳೆಯಲಾರದು. ನಡುವೆ ಏನೋ ನಡೆದಿದೆ. ಆ ನಡೆದದ್ದು ಏನೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಶಕುಂತಲೆಯು ಬೆಳೆದಳೆಂಬ ಮಾತೇನೂ ಹೊಸದಲ್ಲ. ವಿಲಿಯಂ ಜೋನ್ಸನು 1789ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವನ್ನು ಫಾರ್‌ಸ್ಟರನು 1791ರಲ್ಲಿ ಜರ್ಮನ್ ಭಾಷೆಗೆ ತಂದಾಗ, ಅದನ್ನು ಓದಿದ ಗಯಟೆಯು ಅದೇ ವರ್ಷ ಬರೆದ ಚುಟುಕದಲ್ಲಿ ವಸಂತದ ಹೂವನ್ನೂ ಮಾಗಿದ ಹಣ್ಣನ್ನೂ ಒಂದೇ ಹೆಸರಿನಲ್ಲಿ ಕಂಡನು. ರವೀಂದ್ರನಾಥ ಠಾಕೂರರು ತಮ್ಮ ‘ಪ್ರಾಚೀನ ಸಾಹಿತ್ಯ’ದಲ್ಲಿ (1907) ಅದೇ ಸೂತ್ರವನ್ನು ಹಿಡಿದು ಸುಂದರವಾದ ಭಾಷ್ಯವನ್ನು ಹೆಣೆದರು. ಅಂದಿನಿಂದ ಹೂವು ಹಣ್ಣಾಯಿತೆಂಬ ಮಾತು ನಮ್ಮ ವಿಮರ್ಶಕರಿಗೂ ಉಪಾಧ್ಯಾಯರಿಗೂ ಕಂಠಪಾಠವಾಗಿಬಿಟ್ಟಿದೆ. ಆ ಹಿರಿಯರ ಮಾತನ್ನು ಅಲ್ಲಗಳೆಯುವುದು ನಮ್ಮ ಅಭಿಪ್ರಾಯವಲ್ಲ. ಆದರೆ ಹೂವು ಹಣ್ಣಾಗುವುದು ತಾನಾಗಿಯೇ ನಡೆಯುವ ಕೆಲಸ. ಅದಕ್ಕೆ ಹೂವಿನ ಪ್ರಯತ್ನವಾಗಲಿ ತಿಳಿವಾಗಲಿ ಬೇಕಿಲ್ಲ. ಹೆಂಗಸೊಬ್ಬಳು ತುಂಬಿದ ಸಭೆಯಲ್ಲಿ ಅಲ್ಪಳೆನ್ನಿಸಿಕೊಂಡು, ಆ ಅವಮಾನವನ್ನು ನುಂಗಿ, ಮಗುವನ್ನು ಹೆತ್ತು ಸಾಕಿ, ತನ್ನ ಮನಸ್ಸನ್ನು ತಾನೇ ತಿದ್ದಿಕೊಂಡು ನಿಂತಳೆಂದರೆ, ಅದನ್ನು ಹಣ್ಣಿನ ಹೋಲಿಕೆಯಿಂದ ಹೇಳಿ ಮುಗಿಸುವುದು ಸಾಲದು.

ಮೊದಲು ಮೂಲ ಕಥೆಯನ್ನು ನೋಡೋಣ. ಮಹಾಭಾರತದ ಆದಿಪರ್ವದ ಶಕುಂತಲೆಯ ವಿಷಯದಲ್ಲಿ ಬೆಳವಣಿಗೆಯ ಪ್ರಶ್ನೆಯೇ ಏಳುವುದಿಲ್ಲ. ಆಕೆ ಕಥೆಯನ್ನು ಪ್ರವೇಶಿಸುವಾಗಲೇ ಪೂರ್ಣವಾಗಿ ಬೆಳೆದವಳು. ಗಾಂಧರ್ವ ವಿವಾಹಕ್ಕೆ ಒಪ್ಪುವ ಮೊದಲು ತನ್ನಲ್ಲಿ ಹುಟ್ಟುವ ಮಗನಿಗೇ ರಾಜ್ಯವಾಗಬೇಕೆಂದು ಕರಾರು ಮಾಡಿಕೊಳ್ಳುವ ಹೆಣ್ಣು ಆಕೆ. ಚತುರಂಗ ಸೈನ್ಯವನ್ನು ಕಳುಹಿಸಿ ಕರೆಯಿಸಿಕೊಳ್ಳುವೆನೆಂದು ಮಾತುಕೊಟ್ಟು ಹೋದ ಅರಸನು ಯಾರನ್ನೂ ಕಳುಹಿಸಲಿಲ್ಲ. ಮಗನಿಗೆ ಆರು ವರ್ಷ ತುಂಬಿ, ಆತನು ಕಾಡಿನ ಮೃಗಗಳನ್ನು ಹಿಡಿದು ಕಟ್ಟುವಷ್ಟು ಬಲಶಾಲಿಯಾದಮೇಲೆ ಶಕುಂತಲೆಯು ಆಸ್ಥಾನಕ್ಕೆ ಬರುತ್ತಾಳೆ. ಅಲ್ಲಿ ವ್ಯಾಸರು ಬಹು ಕಠೋರವಾದೊಂದು ಸಂಗತಿಯನ್ನು ಒಂದೇ ಪದದಲ್ಲಿ ಸೂಚಿಸುತ್ತಾರೆ: ಅರಸನಿಗೆ ನೆನಪಿತ್ತು, ನೆನಪಿದ್ದೂ ನೆನಪಿಲ್ಲವೆಂದನು. ಅಷ್ಟರಲ್ಲಿ ನಿಲ್ಲದೆ ದುಷ್ಟ ತಾಪಸಿಯೆಂದು ಕರೆದನು; ಆಕೆಯ ತಾಯಿಯ ಶೀಲವನ್ನು ಎತ್ತಿ ಆಡಿದನು. ಇಲ್ಲಿ ಶಾಪವಿಲ್ಲ, ಮರೆವಿಲ್ಲ, ಉಂಗುರವೂ ಇಲ್ಲ. ಎದುರಿಗೆ ನಿಂತವಳು ಕಾಡಿನ ಹೆಣ್ಣು, ಸಭೆಯಲ್ಲಿ ಈಕೆಯ ಮಾತಿಗೆ ಬೆಲೆ ಯಾರು ಕೊಟ್ಟಾರು ಎಂಬ ಲೆಕ್ಕಾಚಾರ ಮಾತ್ರ ಇದೆ.

ಆ ಲೆಕ್ಕಾಚಾರ ತಪ್ಪಿತು. ಶಕುಂತಲೆಯು ಅಲ್ಲಿ ಆಡುವ ಮಾತುಗಳು ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಹೆಣ್ಣೊಬ್ಬಳು ಅರಸನೆದುರಿಗೆ ಮಾಡಿದ ವಾದಗಳಲ್ಲಿ ದ್ರೌಪದಿಯ ಪ್ರಶ್ನೆಯೊಂದನ್ನುಳಿದು ಮತ್ತಾವುದಕ್ಕೂ ಕಡಮೆಯಾದುವಲ್ಲ. ಪರರ ದೋಷವು ಸಾಸುವೆಯಷ್ಟಿದ್ದರೂ ಕಾಣುವ ಅರಸನಿಗೆ ಬಿಲ್ವದ ಕಾಯಿಯಷ್ಟು ದೊಡ್ಡದಾದ ತನ್ನ ದೋಷವು ಕಾಣದೆಂದು ಆಕೆ ಹಂಗಿಸುತ್ತಾಳೆ. ನಿನಗೂ ನನಗೂ ಸಾಸುವೆಗೂ ಮೇರುವಿಗೂ ಇರುವ ಅಂತರವೆನ್ನುತ್ತಾಳೆ. ನೀನಿಲ್ಲದೆಯೂ ನನ್ನ ಮಗನು ಭೂಮಿಯನ್ನು ಆಳುವನೆಂದು ಹೇಳಿ ಹೊರಟುನಿಲ್ಲುತ್ತಾಳೆ. ಆಮೇಲೆ ಅಶರೀರವಾಣಿಯಾಗುತ್ತದೆ. ಅರಸನು ತನಗೆ ಮೊದಲೇ ತಿಳಿದಿತ್ತೆಂದೂ, ಜನರು ಸಂಶಯಪಟ್ಟಾರೆಂದು ಹಾಗೆ ನಡೆದುಕೊಂಡೆನೆಂದೂ ಸಮಾಧಾನ ಹೇಳುತ್ತಾನೆ. ಇಷ್ಟಾದಮೇಲೆ, ಕೋಪದಲ್ಲಿ ಆಕೆ ತನ್ನನ್ನು ಕುರಿತು ಆಡಿದ ಬಿರುನುಡಿಗಳನ್ನು ತಾನು ಕ್ಷಮಿಸಿರುವೆನೆಂದು ಸೇರಿಸುತ್ತಾನೆ! ಯಾರು ಯಾರನ್ನು ಕ್ಷಮಿಸಬೇಕಾಗಿತ್ತೆಂಬುದನ್ನು ವಾಚಕರೇ ನಿರ್ಣಯಿಸಬಹುದು. ವ್ಯಾಸರು ಈ ಮಾತನ್ನು ಬರೆಯುವಾಗ ನಸುನಗುತ್ತಿದ್ದಿರಬೇಕೆಂದು ನಮಗೆ ಒಮ್ಮೊಮ್ಮೆ ತೋರುವುದುಂಟು.

ಈ ಎರಡು ಶಕುಂತಲೆಯರನ್ನು ಹೋಲಿಸುವವರು ಸಾಮಾನ್ಯವಾಗಿ ಎರಡು ಪಂಗಡವಾಗುತ್ತಾರೆ. ಹಳೆಯ ರಸಿಕರು ವ್ಯಾಸರ ಒರಟು ಕಲ್ಲನ್ನು ಕಾಳಿದಾಸನು ಕಡೆದು ವಿಗ್ರಹ ಮಾಡಿದನೆನ್ನುವರು. ಈಗಿನ ತರುಣ ವಾಚಕರು, ವಿಶೇಷವಾಗಿ ತರುಣಿಯರು, ತಲೆಯೆತ್ತಿ ನಿಂತ ಹೆಣ್ಣನ್ನು ಕವಿಯು ತಲೆಬಾಗಿಸಿ ನಿಲ್ಲಿಸಿದನೆಂದು ದೂರುವರು. ಎರಡನೆಯವರ ಸಿಟ್ಟಿನಲ್ಲಿ ನ್ಯಾಯವಿದೆ. ಆದರೂ ಎರಡು ಪಂಗಡದವರೂ ನಾಟಕದ ಶಕುಂತಲೆಯನ್ನು ಒಂದೇ ವಿಧವಾಗಿ ಓದುತ್ತಿರುವರು: ಇವಳು ಮೃದು, ಇವಳು ಮುಗ್ಧೆ, ಇವಳಿಂದ ಏನೂ ಆಗದು ಎಂದು. ಇದರಲ್ಲಿ ವಿಚಿತ್ರವೇನೆಂದರೆ, ನಾಟಕದೊಳಗಿನ ಪಾತ್ರಗಳೆಲ್ಲ ಆಕೆಯನ್ನು ಕುರಿತು ಭಾವಿಸುವುದೂ ಇದನ್ನೇ. ನಾಟಕದ ದುಃಖಕ್ಕೆಲ್ಲ ಮೂಲವೂ ಇದೇ.

ಶಕುಂತಲೆಯನ್ನು ಮೊದಲು ಕಡಮೆಯಾಗಿ ಅಳೆದವನು ದುಷ್ಯಂತನಲ್ಲ; ಆಕೆಯನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಗೆಳತಿಯರು. ನಾಲ್ಕನೆಯ ಅಂಕದ ಆರಂಭದಲ್ಲಿ ದುರ್ವಾಸನು ಶಾಪಕೊಟ್ಟು ಹೋಗುವುದನ್ನು ನೆನೆಯಿರಿ. ಅನಸೂಯೆ ಪ್ರಿಯಂವದೆಯರಿಬ್ಬರೇ ಅದನ್ನು ಬಲ್ಲವರು. ಗುರುತಿನ ಆಭರಣವನ್ನು ತೋರಿಸಿದರೆ ಶಾಪವು ತೀರುವುದೆಂಬ ಗುಟ್ಟೂ ಅವರಿಗೇ ಗೊತ್ತು. ಅವರು ಶಕುಂತಲೆಗೆ ತಿಳಿಸಿದರೆ? ಇಲ್ಲ. ಸ್ವಭಾವದಿಂದಲೇ ಕೋಮಲೆಯಾದವಳಿಗೆ ಇದನ್ನು ತಿಳಿಸುವುದು ಮಲ್ಲಿಗೆಯ ಬಳ್ಳಿಗೆ ಕುದಿಯುವ ನೀರನ್ನು ಎರೆದಂತೆ ಎಂದು ಪ್ರಿಯಂವದೆಯು ತೀರ್ಮಾನಿಸುತ್ತಾಳೆ. ಬೀಳ್ಕೊಡುವಾಗ, ಅರಸನು ಗುರುತಿಸದೆ ಹೋದರೆ ಉಂಗುರವನ್ನು ತೋರಿಸು ಎಂದು ಮಾತ್ರ ಹೇಳುತ್ತಾರೆ. ಕೇಳಿದ ಶಕುಂತಲೆಯು ಒಮ್ಮೆ ನಡುಗುತ್ತಾಳೆ. ಸ್ನೇಹವು ಎಲ್ಲದಕ್ಕೂ ಹೆದರುತ್ತದೆಂದು ಅವರು ಮಾತನ್ನು ಮರೆಸಿಬಿಡುತ್ತಾರೆ. ತನ್ನ ಬಾಳು ಆ ಉಂಗುರದ ಮೇಲೆ ನಿಂತಿದೆಯೆಂದು ತಿಳಿದಿದ್ದರೆ, ಶಚೀತೀರ್ಥದ ನೀರಿಗೆ ಕೈಮುಗಿಯುವಾಗ ಅದು ಬೆರಳಿನಿಂದ ಜಾರುವುದನ್ನು ಅರಿಯದಷ್ಟು ಅಜಾಗರೂಕಳು ಆಕೆಯಾಗಿರುತ್ತಿದ್ದಳೆಂದು ನಮಗೆ ತೋರುವುದಿಲ್ಲ. ದುರ್ವಾಸನ ಕೋಪದಷ್ಟೇ ಪ್ರಿಯಂವದೆಯ ಕನಿಕರವೂ ಆಕೆಗೆ ಮುಳುವಾಯಿತು. ಮನೆಯ ಹೆಣ್ಣುಮಕ್ಕಳು ನೊಂದಾರೆಂದು ಅವರಿಗೆ ಸಂಬಂಧಿಸಿದ ಸುದ್ದಿಯನ್ನೇ ಅವರಿಂದ ಮುಚ್ಚಿಡುವ ವಾಡಿಕೆಯು ನಮ್ಮ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಕಾಳಿದಾಸನು ಅದರ ಫಲವನ್ನು ತೋರಿಸಿ ಬಹು ಕಾಲವಾಯಿತು.

ಇನ್ನು ಕಣ್ವರು. ಒಂದನೆಯ ಅಂಕದಲ್ಲಿಯೇ ಅವರು ಮಗಳಿಗೆ ಒದಗಲಿರುವ ಪ್ರತಿಕೂಲ ದೈವವನ್ನು ಶಾಂತಪಡಿಸಲು ಸೋಮತೀರ್ಥಕ್ಕೆ ಹೋಗಿದ್ದಾರೆ. ಅದೂ ಮಗಳಿಗೆ ತಿಳಿಸದ ಸಂಗತಿಯೇ ಇರಬೇಕು. ಎಲ್ಲರೂ ಆಕೆಯ ಪರವಾಗಿ ದುಡಿಯುವವರೇ. ಆಕೆಯನ್ನು ಕೂರಿಸಿಕೊಂಡು ಹೀಗಿದೆಯೆಂದು ಹೇಳುವವರು ಒಬ್ಬರೂ ಇಲ್ಲ.

ಐದನೆಯ ಅಂಕದಲ್ಲಿ ಪ್ರೀತಿಯ ಜಾಗಕ್ಕೆ ಸಂಶಯವು ಬರುತ್ತದೆ. ಅಳತೆಯು ಮಾತ್ರ ಬದಲಾಗುವುದಿಲ್ಲ. ಉಂಗುರವು ಬೆರಳಿನಲ್ಲಿಲ್ಲವೆಂದು ಕಂಡಮೇಲೆ ಶಕುಂತಲೆಯು ನೆನಪಿನಿಂದಲಾದರೂ ಅರಸನನ್ನು ಎಚ್ಚರಿಸಲು ಯತ್ನಿಸುತ್ತಾಳೆ. ತಾನು ಸಾಕಿದ ದೀರ್ಘಾಪಾಂಗನೆಂಬ ಜಿಂಕೆಯ ಮರಿಯು ಅರಸನ ಕೈಯಿಂದ ನೀರು ಕುಡಿಯದೆ ತನ್ನ ಕೈಯಿಂದ ಕುಡಿದುದನ್ನೂ, ನೀವಿಬ್ಬರೂ ಕಾಡಿನವರೆಂದು ಆಗ ಅರಸನು ನಕ್ಕುದನ್ನೂ ಹೇಳುತ್ತಾಳೆ. ಆ ಹೊತ್ತಿಗೆ ಆಕೆಗೆ ಸಿಕ್ಕುವ ಸಾಕ್ಷಿಯು ಎಷ್ಟು ಸಣ್ಣದು! ನ್ಯಾಯಸ್ಥಾನದಲ್ಲಿ ಇದು ನಿಲ್ಲತಕ್ಕ ಸಾಕ್ಷಿಯಲ್ಲ. ಆದರೆ ದಾಂಪತ್ಯದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿಯು ಯಾವುದಿದೆ? ಅರಸನ ಉತ್ತರವು ಇಡೀ ಸ್ತ್ರೀಜಾತಿಯ ಮೇಲೆ ಹೋಗುತ್ತದೆ. ಹೆಣ್ಣಿಗೆ ಕಪಟವು ಕಲಿಸದೆಯೇ ಬರುವುದೆಂದೂ, ಕೋಗಿಲೆಯು ತನ್ನ ಮರಿಗಳನ್ನು ಬೇರೆ ಹಕ್ಕಿಗಳಿಂದ ಸಾಕಿಸುವುದೆಂದೂ ಹೇಳುತ್ತಾನೆ. ತನ್ನ ತಾಯಿಯೇ ತನ್ನನ್ನು ಬಿಟ್ಟುಹೋಗಿ ಹಕ್ಕಿಗಳ ನಡುವೆ ದೊರೆತ ಕೂಸಿಗೆ ಈ ಕೋಗಿಲೆಯ ಮಾತು ಎಲ್ಲಿ ತಗುಲಿರಬಹುದು! ಶಾಪದ ಮರೆವು ಅರಸನ ನೆನಪನ್ನು ಕಿತ್ತುಕೊಂಡಿತೆಂಬುದನ್ನು ಒಪ್ಪೋಣ. ಈ ಮಾತುಗಳನ್ನು ಶಾಪವು ಅವನ ಬಾಯಲ್ಲಿ ಇಟ್ಟಿತೆಂದು ಒಪ್ಪಲಾಗದು. ಅವು ಅವನಲ್ಲಿ ಮೊದಲೇ ಇದ್ದುವು. ಅಂಕದ ಆರಂಭದಲ್ಲಿಯೇ ಹಂಸಪದಿಕೆಯ ಹಾಡನ್ನು ಕೇಳಿಸಿ, ಒಮ್ಮೆ ಒಲಿದು ಮರೆಯುವುದು ಈ ಅರಸನ ಅಭ್ಯಾಸವೆಂದು ಕವಿಯು ಸೂಚಿಸಿರುವುದನ್ನು ಠಾಕೂರರು ಹಿಂದೆಯೇ ಎತ್ತಿ ತೋರಿಸಿದ್ದಾರೆ.

ಆಗ ಶಕುಂತಲೆಗೆ ಕೋಪ ಬರುತ್ತದೆ. ಆಕೆ ಅರಸನನ್ನು ಅನಾರ್ಯನೆಂದು ಕರೆಯುತ್ತಾಳೆ. ಧರ್ಮದ ಅಂಗಿಯನ್ನು ತೊಟ್ಟ ಅವನು ಹುಲ್ಲು ಮುಚ್ಚಿದ ಬಾವಿಯಂತೆ ಎನ್ನುತ್ತಾಳೆ. ತನ್ನ ಹೃದಯವನ್ನು ನೋಡಿಕೊಂಡು ಎಲ್ಲರನ್ನೂ ಅಳೆಯುತ್ತಿರುವೆ ಎಂಬ ಆಕೆಯ ಆಕ್ಷೇಪವಂತೂ ಅರಸನ ರೋಗದ ಮೂಲವನ್ನೇ ಮುಟ್ಟುತ್ತದೆ. ನಾಲ್ಕನೆಯ ಅಂಕದ ಕಣ್ವರ ಉಪದೇಶವನ್ನು ನಾವು ಮದುವೆಯ ಮನೆಗಳಲ್ಲಿ ಉದಾಹರಿಸುತ್ತೇವೆ. ಗಂಡನು ತಪ್ಪಿ ನಡೆದರೂ ಸಿಟ್ಟಿನಿಂದ ಎದುರು ನಡೆಯಬೇಡವೆಂಬ ಮಾತು ಅದರಲ್ಲಿ ಇದೆಯಷ್ಟೆ. ಆ ಉಪದೇಶವನ್ನು ಕೇಳಿಬಂದ ಮಗಳು ಮುಂದಿನ ಅಂಕದಲ್ಲಿಯೇ ಅದನ್ನು ಮೀರುತ್ತಾಳೆ. ಹಾಗೆ ಮೀರಿದುದಕ್ಕೆ ಕವಿಯು ಆಕೆಯನ್ನು ದಂಡಿಸಿದನೆ? ನಾಟಕವನ್ನು ಎಚ್ಚರಿಕೆಯಿಂದ ಓದಿದರೆ ನಡೆದುದು ಇದಕ್ಕೆ ವಿರುದ್ಧವೆಂದು ಕಾಣುವುದು. ಅಷ್ಟುಹೊತ್ತಿನವರೆಗೆ ಆಕೆಯ ವಿನಯವಾಗಲಿ, ಗೌತಮಿಯ ಸಮಾಧಾನವಾಗಲಿ, ಶಾರ್ಙ್ಗರವನ ಗರ್ಜನೆಯಾಗಲಿ ಅರಸನನ್ನು ಕದಲಿಸಲಿಲ್ಲ. ಆಕೆಯ ಕೋಪವನ್ನು ಕಂಡಾಗಲೇ ಮೊಟ್ಟಮೊದಲು ಅವನ ಮನಸ್ಸು ಅಲುಗಾಡುತ್ತದೆ. ಇದು ನಟನೆಯ ಕೋಪದಂತೆ ತೋರುವುದಿಲ್ಲವಲ್ಲ ಎಂದು ತನ್ನೊಳಗೇ ಸಂದೇಹಪಡುತ್ತಾನೆ. ಅಂಕದ ಕೊನೆಯಲ್ಲಿ, ನೆನಪಿಲ್ಲದಿದ್ದರೂ ತನ್ನ ಎದೆಯು ಬಲವಾಗಿ ನೋಯುತ್ತಿರುವುದರಿಂದ ಆಕೆ ಹೇಳಿದುದು ನಿಜವಿರಬಹುದೇ ಎಂದುಕೊಳ್ಳುತ್ತಾನೆ. ವಿನಯವು ತರಲಾರದ ಸಾಕ್ಷಿಯನ್ನು ಕೋಪವು ತಂದಿತು. ಕಣ್ವರ ಶ್ಲೋಕವನ್ನು ಉದಾಹರಿಸುವವರು ಈ ಭಾಗವನ್ನೂ ಜೊತೆಯಲ್ಲಿ ಉದಾಹರಿಸಿದರೆ ಒಳ್ಳೆಯದು.

ಆದರೂ ಇದನ್ನು ನಾವು ಬೆಳವಣಿಗೆಯೆನ್ನಲಾರೆವು. ಇದು ನೋವಿನ ಕೂಗು. ಕೂಗಿದ ಮರುಕ್ಷಣದಲ್ಲಿ ಆಕೆ ಮೋಸಹೋದೆನೆಂದು ಅಳುತ್ತ, ಹೊರಟುಹೋಗುತ್ತಿರುವ ತಪಸ್ವಿಗಳ ಹಿಂದೆ ಓಡುತ್ತಾಳೆ. ಶಾರ್ಙ್ಗರವನು ತಿರುಗಿನಿಂತು ಸ್ವಾತಂತ್ರ್ಯವನ್ನು ಹಿಡಿಯುತ್ತೀಯಾ ಎಂದು ಗದರಿಸುತ್ತಾನೆ. ಶುದ್ಧಳಾಗಿದ್ದರೆ ಗಂಡನ ಮನೆಯಲ್ಲಿ ದಾಸಿಯಾಗಿಯಾದರೂ ಇರುವುದು ಲೇಸೆನ್ನುತ್ತಾನೆ. ಗಂಡನು ಒಲ್ಲೆನೆಂದ, ತವರಿನವರೂ ಒಲ್ಲೆವೆಂದರು. ಪುರೋಹಿತನು ಹೆರಿಗೆಯವರೆಗೆ ತನ್ನ ಮನೆಯಲ್ಲಿ ಇರಿಸಿಕೊಳ್ಳುವೆನೆಂದುದೂ ಮಗುವಿನ ಕೈಯಲ್ಲಿ ಚಕ್ರವರ್ತಿಯ ಲಕ್ಷಣವಿದೆಯೆ ಎಂದು ನೋಡುವುದಕ್ಕಾಗಿ. ಶಕುಂತಲೆಯೆಂಬ ಮನುಷ್ಯಳಿಗಾಗಿ ಆ ಸಭೆಯಲ್ಲಿ ಯಾವ ಬಾಗಿಲೂ ತೆರೆಯಲಿಲ್ಲ. ಆಕೆ ಭೂಮಿಯನ್ನು ದಾರಿ ಬಿಡೆಂದು ಬೇಡುತ್ತ ಹೊರಗೆ ಹೋಗುತ್ತಾಳೆ. ಹೆಣ್ಣಿನ ಆಕಾರದ ಬೆಳಕೊಂದು ಆಕೆಯನ್ನು ಎತ್ತಿಕೊಂಡು ಹೋಗುತ್ತದೆ.

ಇಲ್ಲಿ ಕವಿಯ ಮೇಲೆ ನಮ್ಮದೊಂದು ದೂರು ಉಂಟು. ಆರನೆಯ ಅಂಕವೆಲ್ಲ ದುಷ್ಯಂತನ ಪಶ್ಚಾತ್ತಾಪಕ್ಕೆ ಮೀಸಲಾಗಿದೆ. ಅವನು ವಸಂತೋತ್ಸವವನ್ನು ನಿಲ್ಲಿಸುತ್ತಾನೆ, ಚಿತ್ರ ಬರೆಯುತ್ತಾನೆ, ಚಿತ್ರದ ದುಂಬಿಯನ್ನು ಬೆದರಿಸುತ್ತಾನೆ, ಮೂರ್ಛೆ ಹೋಗುತ್ತಾನೆ. ಎಲ್ಲವೂ ರಮ್ಯವಾಗಿದೆ. ಅದೇ ವರ್ಷಗಳಲ್ಲಿ ಹೇಮಕೂಟದಲ್ಲಿ ಮತ್ತೊಬ್ಬಳು ಮಗುವನ್ನು ಹೆತ್ತು, ಎದೆಹಾಲು ಕೊಟ್ಟು, ಮಾತು ಕಲಿಸುತ್ತಿದ್ದಳು. ಆ ವರ್ಷಗಳಿಗೆ ಒಂದು ದೃಶ್ಯವೂ ಇಲ್ಲ. ಅಪಮಾನ ಮಾಡಿದವನ ದುಃಖಕ್ಕೆ ಒಂದು ಅಂಕ. ಅಪಮಾನ ಪಟ್ಟವಳ ದುಃಖಕ್ಕೆ ತೆರೆಯ ಮರೆ. ನಾಟಕದ ನಾಯಕನು ಅರಸನಾದುದರಿಂದ ಹೀಗಾಯಿತೆಂದು ಲಾಕ್ಷಣಿಕರು ಸಮಾಧಾನ ಹೇಳಬಹುದು. ನಮಗೆ ಅದರಿಂದ ಸಮಾಧಾನವಾಗುವುದಿಲ್ಲ. ಆದರೆ ಕಾಳಿದಾಸನು ಹೇಳದೆ ಬಿಟ್ಟುದರ ಗುರುತುಗಳನ್ನು ಏಳನೆಯ ಅಂಕದಲ್ಲಿ ಅಲ್ಲಲ್ಲಿ ಚೆಲ್ಲಿದ್ದಾನೆ. ಅವನ್ನು ಆಯ್ದು ಕೂಡಿಸಿಕೊಳ್ಳುವ ಕೆಲಸವನ್ನು ಓದುಗನಿಗೆ ಬಿಟ್ಟಿದ್ದಾನೆ.

ಮೊದಲನೆಯ ಗುರುತು ಮಗುವಿನ ಬಾಯಲ್ಲಿದೆ. ಸಿಂಹದ ಮರಿಯ ಕೇಸರವನ್ನು ಜಗ್ಗುತ್ತಿರುವ ಸರ್ವದಮನನನ್ನು ಕಂಡು ಮರುಳಾದ ಅರಸನು, ಇವನ ತಂದೆಯು ಯಾರೆಂದು ಕೇಳುತ್ತಾನೆ. ಧರ್ಮಪತ್ನಿಯನ್ನು ತೊರೆದ ಆ ಮನುಷ್ಯನ ಹೆಸರನ್ನು ಯಾರು ತಾನೆ ಎತ್ತಿಯಾರು ಎಂದು ತಾಪಸಿಯು ಉತ್ತರ ಕೊಡುತ್ತಾಳೆ. ಆಶ್ರಮದಲ್ಲಿ ಆ ಹೆಸರಿಗೆ ಅಷ್ಟು ಹೇಸಿಕೆ! ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಮಗುವು, ನನ್ನ ಅಪ್ಪ ದುಷ್ಯಂತ, ನೀನಲ್ಲ ಎಂದು ಅರಸನ ಮುಖದ ಮೇಲೆಯೇ ಹೇಳುತ್ತದೆ. ಈ ಹೆಸರನ್ನು ಮಗುವಿಗೆ ಕಲಿಸಿದವರು ಯಾರು? ಆಶ್ರಮದವರು ಬಾಯಿಬಿಟ್ಟು ಹೇಳದ ಹೆಸರನ್ನು ತಾಯಿಯೇ ಹೇಳಿಕೊಟ್ಟಿರಬೇಕು. ನೊಂದ ತಾಯಂದಿರು ಮಕ್ಕಳಿಗೆ ತಂದೆಯ ಹೆಸರನ್ನು ಮುಚ್ಚಿಡುವುದುಂಟು. ಇಲ್ಲವೆ ಆ ಹೆಸರಿನೊಂದಿಗೆ ವಿಷವನ್ನೂ ಊಡಿಸುವುದುಂಟು. ಶಕುಂತಲೆಯು ಎರಡನ್ನೂ ಮಾಡಲಿಲ್ಲ. ಗೆಳತಿಯರು ತನ್ನಿಂದ ಸತ್ಯವನ್ನು ಮುಚ್ಚಿಟ್ಟಿದ್ದರು. ಆಕೆ ತನ್ನ ಮಗನಿಂದ ಮುಚ್ಚಿಡಲಿಲ್ಲ. ಈ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಂಡರೆ, ಆರನೆಯ ಅಂಕದಲ್ಲಿ ನಾವು ಕಾಣದೆಹೋದ ವರ್ಷಗಳು ಒಮ್ಮೆಗೇ ಕಣ್ಣಿಗೆ ಕಟ್ಟುತ್ತವೆ.

ಎರಡನೆಯದು, ಆಕೆ ಕಾದುಕೊಂಡಿದ್ದ ರೀತಿ. ಅರಸನ ಪಶ್ಚಾತ್ತಾಪವನ್ನು ಮರೆಯಲ್ಲಿ ನಿಂತು ನೋಡಿದ ಸಾನುಮತಿಯು ಆ ಸುದ್ದಿಯನ್ನು ಶಕುಂತಲೆಗೆ ಮುಟ್ಟಿಸಿದ್ದಾಳೆಂಬುದು ಏಳನೆಯ ಅಂಕದ ಆಕೆಯ ಸ್ವಗತದಿಂದ ಸ್ಪಷ್ಟವಾಗಿದೆ. ತನ್ನನ್ನು ತೊರೆದವನು ಈಗ ತನಗಾಗಿ ಕೊರಗುತ್ತಿರುವನೆಂದು ತಿಳಿದಮೇಲೂ ಆಕೆ ಹೊರಡಲಿಲ್ಲ, ಓಲೆಯನ್ನೂ ಕಳುಹಿಸಲಿಲ್ಲ. ದೇವತೆಗಳೇ ಕೂಡಿಸುವರೆಂಬ ಭರವಸೆಯನ್ನು ಅದಿತಿಯು ಕೊಟ್ಟಿದ್ದಳೆಂಬುದೂ ನಿಜ. ಅದನ್ನು ನಾವು ಮರೆಮಾಡತಕ್ಕದ್ದಲ್ಲ. ಆದರೂ ಐದನೆಯ ಅಂಕದಲ್ಲಿ ಅವನ ಬಾಗಿಲಿಗೆ ನಡೆದುಬಂದವಳು ಏಳನೆಯದರಲ್ಲಿ ಅವನೇ ತನ್ನಿರುವಲ್ಲಿಗೆ ಬರುವವರೆಗೆ ಅಲುಗಲಿಲ್ಲವೆಂಬುದು ಉಳಿದೇ ಉಳಿಯುತ್ತದೆ. ಅರಸನು ಆಶ್ರಮವನ್ನು ಹೊಗುವ ಹೊತ್ತಿಗೆ ಮಾರೀಚರು ಅದಿತಿಗೂ ಋಷಿಪತ್ನಿಯರಿಗೂ ಪತಿವ್ರತಾಧರ್ಮವನ್ನು ಉಪದೇಶಿಸುತ್ತಿರುವರು. ಶಕುಂತಲೆಯಾದರೋ ತನ್ನ ನಿಯಮದಲ್ಲಿ ತಾನು ತೊಡಗಿದ್ದಾಳೆಂದು ತಾಪಸಿಯ ಮಾತಿನಿಂದ ತಿಳಿಯುತ್ತದೆ. ಇದರಿಂದ ನಾವು ಹೆಚ್ಚಿನ ಅರ್ಥವನ್ನು ಹಿಂಡಲು ಹೋಗುವುದಿಲ್ಲ. ಸಂಗತಿಯನ್ನು ಸೂಚಿಸಿದರೆ ಸಾಕು.

ಮೂರನೆಯದು ಎಲ್ಲಕ್ಕಿಂತ ಆಶ್ಚರ್ಯಕರವಾದುದು. ಮಾಸಿದ ಬಟ್ಟೆ, ಒಂಟಿ ಜಡೆ, ವ್ರತದಿಂದ ಬಡವಾದ ಮುಖದೊಡನೆ ಶಕುಂತಲೆಯು ಬರುತ್ತಾಳೆ. ಪಶ್ಚಾತ್ತಾಪದಿಂದ ಬಣ್ಣಗೆಟ್ಟ ಅರಸನನ್ನು ಕಂಡು, ಇವನು ಆರ್ಯಪುತ್ರನಂತೆ ಕಾಣುವುದಿಲ್ಲ, ರಕ್ಷೆ ಕಟ್ಟಿಸಿಕೊಂಡ ನನ್ನ ಮಗುವನ್ನು ಮುಟ್ಟಿ ಕೆಡಿಸುತ್ತಿರುವ ಇವನಾರು ಎಂದು ಅಂದುಕೊಳ್ಳುತ್ತಾಳೆ. ಐದನೆಯ ಅಂಕದಲ್ಲಿ ಅವನು ಇವಳನ್ನು ಗುರುತಿಸಲಿಲ್ಲ. ಇಲ್ಲಿ ಇವಳಿಗೆ ಅವನ ಗುರುತು ಹತ್ತುವುದಿಲ್ಲ. ಇವಳಿಗೆ ಯಾರ ಶಾಪವೂ ಇಲ್ಲ. ಆ ಕ್ಷಣದಲ್ಲಿ ಆಕೆಯ ಕಣ್ಣಿಗೆ ಮೊದಲು ಕಾಣುವುದು ಮಗುವಿನ ಕ್ಷೇಮ; ಗಂಡನು ಕಾಣುವುದು ಆಮೇಲೆ. ಇವರು ಯಾರಮ್ಮ ಎಂದು ಮಗುವು ಕೇಳಿದಾಗಲೂ, ನಿನ್ನ ತಂದೆಯೆಂದು ಆಕೆ ಹೇಳುವುದಿಲ್ಲ; ನಿನ್ನ ಅದೃಷ್ಟವನ್ನು ಕೇಳಿಕೋ ಎನ್ನುತ್ತಾಳೆ. ಈ ಮಾತಿನಲ್ಲಿ ಕಹಿಯೂ ಇದೆ, ಎಚ್ಚರವೂ ಇದೆ. ಹಿಂದೊಮ್ಮೆ ತಾನು ಹೇಳಿದ ಸಂಬಂಧವನ್ನು ಅವನು ಸಭೆಯಲ್ಲಿ ಅಲ್ಲಗಳೆದಿದ್ದನು. ಈ ಸಲ ಹೇಳುವ ಭಾರವು ಅವನದು.

ಅರಸನು ಕಾಲಿಗೆ ಬಿದ್ದಾಗ, ಇದು ತನ್ನ ಹಿಂದಿನ ಕರ್ಮದ ಫಲವೆಂದು ಹೇಳಿ ಅವನನ್ನು ಎಬ್ಬಿಸುತ್ತಾಳೆ. ಈ ಮಾತನ್ನು ಹಿಡಿದು ಪತಿವ್ರತೆಯೆಂದು ಹೊಗಳುವವರು ಮುಂದಿನ ಮಾತನ್ನು ಬಿಟ್ಟುಬಿಡುವರು. ಮುಂದಿನದು ಪ್ರಶ್ನೆ: ದುಃಖಿನಿಯಾದ ಈ ಜನವು ಆರ್ಯಪುತ್ರನ ನೆನಪಿಗೆ ಹೇಗೆ ಬಂದಿತು? ಕ್ಷಮಿಸಿದರೂ ಆಕೆಗೆ ಲೆಕ್ಕ ಬೇಕಾಗಿದೆ. ಅರಸನು ಆಮೇಲೆ ಹೇಳುವೆನೆಂದು ಕಣ್ಣೀರನ್ನು ಒರೆಸುತ್ತಾನೆ. ಅಷ್ಟರಲ್ಲಿ ಉಂಗುರವು ಆಕೆಯ ಕಣ್ಣಿಗೆ ಬೀಳುತ್ತದೆ. ನಾವು ಮೊದಲಿಗೆ ಹೇಳಿದ ಮಾತು ಬರುತ್ತದೆ.

ಆ ಮಾತಿನ ತೂಕವು ಈಗ ತಿಳಿದೀತು. ಉಂಗುರವೆಂದರೆ ಏನು? ಆಕೆಯ ಮಾತಿಗೆ ಬದಲಾಗಿ ನಿಂತ ವಸ್ತು. ಹೆಂಡತಿಯ ಮುಖ, ಹೆಂಡತಿಯ ಧ್ವನಿ, ಜಿಂಕೆಯ ಮರಿಯ ನೆನಪು, ಗರ್ಭದ ಮಗು, ಇವಾವುವೂ ಮಾಡಲಾರದುದನ್ನು ಬೆಸ್ತನಿಗೆ ಮೀನಿನ ಹೊಟ್ಟೆಯಲ್ಲಿ ಸಿಕ್ಕ ಒಂದು ಚಿನ್ನದ ಚೂರು ಮಾಡಿತು. ಅದನ್ನು ಮತ್ತೆ ತೊಡುವುದೆಂದರೆ, ತನ್ನ ಬೆಲೆಯು ತನ್ನ ಬೆರಳಿನಲ್ಲಿದೆಯೇ ಹೊರತು ತನ್ನಲ್ಲಿಲ್ಲವೆಂದು ಮತ್ತೆ ಒಪ್ಪಿಕೊಂಡಂತೆ. ಆಕೆ ಅದನ್ನು ಒಲ್ಲೆನೆಂದಳು. ಗಂಡನನ್ನು ಒಲ್ಲೆನೆನ್ನಲಿಲ್ಲ, ಗುರುತನ್ನು ಒಲ್ಲೆನೆಂದಳು. ನೆನಪಿಟ್ಟುಕೊಳ್ಳಬೇಕಾದವನು ನೀನು, ಆದುದರಿಂದ ಉಂಗುರವು ನಿನ್ನಲ್ಲಿರಲಿ ಎಂಬುದು ಇದರ ತಾತ್ಪರ್ಯವೆಂದು ನಾವು ತಿಳಿಯುತ್ತೇವೆ. ವ್ಯಾಸರ ಶಕುಂತಲೆಯು ನೂರಾರು ಮಾತುಗಳಲ್ಲಿ ಸಾಧಿಸಿದುದನ್ನು ಈಕೆ ಇಷ್ಟರಲ್ಲಿ ಮುಗಿಸಿದಳು. ಆದರೆ ಇಷ್ಟನ್ನು ಆಡುವುದಕ್ಕೆ ಆಕೆಗೆ ಅಷ್ಟು ವರ್ಷಗಳು ಬೇಕಾದುವು.

ಹಾಗಾದರೆ ಆಕೆ ಅವನೊಡನೆ ಹೋದುದೇಕೆ ಎಂಬ ಪ್ರಶ್ನೆಯು ಉಳಿಯುತ್ತದೆ. ಈ ಕಾಲದ ವಾಚಕಿಯು ಇದನ್ನು ಕೇಳಿಯೇ ಕೇಳುವಳು, ಕೇಳಬೇಕಾದುದೇ. ಮಗನ ಪಟ್ಟ, ವಂಶದ ಕಥೆ, ಭರತನ ಹೆಸರು, ಇವೆಲ್ಲ ಕವಿಗೆ ಮೊದಲೇ ಕಟ್ಟಿಟ್ಟ ಕಟ್ಟಳೆಗಳು. ಕಥೆಯನ್ನು ಅವನು ಬೇರೆ ಕಡೆಗೆ ತಿರುಗಿಸುವಂತಿರಲಿಲ್ಲ. ಅದನ್ನು ಬಿಟ್ಟರೂ, ಮರಳುವುದರಲ್ಲಿ ಎರಡು ವಿಧ ಉಂಟು. ಬೇರೆ ಗತಿಯಿಲ್ಲದೆ ಮರಳುವುದು ಒಂದು. ಇರಲು ನೆಲೆಯಿದ್ದು, ಮಗುವನ್ನು ಬೆಳೆಸಿಕೊಂಡು, ಅವನನ್ನು ಅವನಿರುವಂತೆ ಕಂಡು ಮರಳುವುದು ಮತ್ತೊಂದು. ಶಕುಂತಲೆಯದು ಎರಡನೆಯದು.

ನಮಗೆ ಒಪ್ಪಿಗೆಯಾಗದುದು ಬೇರೆ. ಮಾರೀಚರು ಶಾಪದ ವೃತ್ತಾಂತವನ್ನು ಬಿಡಿಸಿ ಹೇಳಿ, ಗಂಡನ ಮೇಲೆ ಕೋಪವನ್ನು ಇಟ್ಟುಕೊಳ್ಳಬೇಡವೆಂದು ಶಕುಂತಲೆಗೆ ಬುದ್ಧಿ ಹೇಳುತ್ತಾರೆ. ಆ ಬುದ್ಧಿವಾದವು ಬೇಕಾಯಿತೆಂಬುದರಿಂದಲೇ ಆಕೆಯಲ್ಲಿ ಕೋಪವು ಇನ್ನೂ ಉಳಿದಿರಬಹುದೆಂದು ಆ ತ್ರಿಕಾಲಜ್ಞರು ಕಂಡಿದ್ದರೆಂದು ಊಹಿಸಬಹುದು. ಆದರೆ ಕವಿಯು ಆ ಉಳಿದ ಕೋಪಕ್ಕೆ ಮಾತು ಕೊಡಲಿಲ್ಲ. ಕಾರಣವಿಲ್ಲದೆ ತನ್ನನ್ನು ತೊರೆಯಲಿಲ್ಲವಲ್ಲ ಎಂದು ಸಂತೋಷಪಡಿಸಿ ಆಕೆಯನ್ನು ಸುಮ್ಮನಾಗಿಸಿದನು. ಶಾಪವು ಮರೆವಿಗೆ ಕಾರಣವಾದೀತು. ಕೋಗಿಲೆಯ ಮಾತಿಗೆ ಯಾರು ಕಾರಣ? ಅದಕ್ಕಾಗಿ ಅರಸನು ಪ್ರತ್ಯೇಕವಾಗಿ ಕ್ಷಮೆ ಬೇಡುವುದನ್ನು ನಾವು ಕಾಣುವುದಿಲ್ಲ. ಕಾಳಿದಾಸನಂಥ ಸೂಕ್ಷ್ಮಜ್ಞನು ಇದನ್ನು ಬಿಟ್ಟುದು ಆ ಅಂಕದ ಒಂದು ಕೊರತೆಯೆಂದೇ ನಮ್ಮ ಅಭಿಪ್ರಾಯ. ಕೊನೆಯ ಭರತವಾಕ್ಯವೂ ಅರಸನ ಬಾಯಿಂದಲೇ ಬರುತ್ತದೆ.

ಕನ್ನಡದಲ್ಲಿ ಈ ನಾಟಕವನ್ನು ಓದುವವರಿಗೆ ಮತ್ತೊಂದು ತೊಡಕು ಉಂಟು. ಮೂಲದಲ್ಲಿ ದುಷ್ಯಂತ, ಕಣ್ವ, ಶಾರ್ಙ್ಗರವರು ಸಂಸ್ಕೃತದಲ್ಲಿ ಮಾತನಾಡುತ್ತಾರೆ. ಶಕುಂತಲೆಯೂ ಗೆಳತಿಯರೂ ಪ್ರಾಕೃತದಲ್ಲಿ. ಸಭೆಯಲ್ಲಿ ಆಕೆ ನಿಂತಾಗ ಸುತ್ತಲೂ ಶಾಸ್ತ್ರದ ಭಾಷೆ, ಆಕೆಯದೊಂದು ಮನೆಯ ಭಾಷೆ. ಆ ಮನೆಯ ಭಾಷೆಯಲ್ಲಿಯೇ ಆಕೆ ಅರಸನನ್ನು ಅನಾರ್ಯನೆಂದುದು. ಅದೇ ಭಾಷೆಯಲ್ಲಿಯೇ ಉಂಗುರವನ್ನು ಒಲ್ಲೆನೆಂದುದು. ನಮ್ಮ ಚುರಮುರಿ ಶೇಷಗಿರಿರಾಯರಿಗೂ, ಅಭಿನವ ಕಾಳಿದಾಸರೆನ್ನಿಸಿಕೊಂಡ ಬಸವಪ್ಪಶಾಸ್ತ್ರಿಗಳಿಗೂ, ಅವರ ತರುವಾಯದ ಅನುವಾದಕರಿಗೂ ಈ ಅಂತರವನ್ನು ಕನ್ನಡದಲ್ಲಿ ಉಳಿಸಿಕೊಳ್ಳುವುದು ಸುಲಭವಾದ ಕೆಲಸವಾಗಿರಲಿಲ್ಲ. ಸಂಸ್ಕೃತದ ಛಾಯೆಯನ್ನು ಮಾತ್ರ ಓದುವ ವಿದ್ಯಾರ್ಥಿಗೂ ಇದೇ ನಷ್ಟ. ಸಾಧ್ಯವಾದವರು ಏಳನೆಯ ಅಂಕದ ಪ್ರಾಕೃತವನ್ನಾದರೂ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಬೇಕು. ಆ ಮಾತುಗಳು ಎಷ್ಟು ಸರಳ, ಎಷ್ಟು ಗಿಡ್ಡ ಎಂಬುದು ಆಗ ಕಿವಿಗೆ ತಿಳಿಯುವುದು.

ಮಾರೀಚರಿಂದ ಶಾಪದ ಸುದ್ದಿಯನ್ನು ಕೇಳಿದಾಗ ಶಕುಂತಲೆಗೆ ಶಾಪ ಪಡೆದ ನೆನಪಾಗಲೊಲ್ಲದು. ಆಮೇಲೆ, ಇದಕ್ಕಾಗಿಯೇ ಗೆಳತಿಯರು ಉಂಗುರವನ್ನು ತೋರಿಸೆಂದು ಅಷ್ಟು ಒತ್ತಿ ಹೇಳಿದ್ದರೆಂದು ಹೊಳೆಯುತ್ತದೆ. ಅವರಿಗೆ ತಿಳಿದಿತ್ತು, ತನಗೆ ಮಾತ್ರ ತಿಳಿದಿರಲಿಲ್ಲವೆಂಬುದು ಆಕೆಗೆ ಗೊತ್ತಾಗುವುದು ಆಗಲೇ. ಅದರ ಮೇಲೆ ಆಕೆ ಒಂದು ಮಾತನ್ನೂ ಆಡುವುದಿಲ್ಲ. ಅದಿತಿಯು ಕಣ್ವರಿಗೆ ಈ ಶುಭವಾರ್ತೆಯನ್ನು ತಿಳಿಸಬೇಕೆನ್ನುತ್ತಾಳೆ. ಮೇನಕೆಯು ಇಲ್ಲಿಯೇ ಇರುವಳೆಂದೂ ಹೇಳುತ್ತಾಳೆ. ಮಾರೀಚರು ಗಾಲವನನ್ನು ಆಕಾಶಮಾರ್ಗದಿಂದ ಕಣ್ವಾಶ್ರಮಕ್ಕೆ ಕಳುಹಿಸುತ್ತಾರೆ. ಅನಸೂಯೆ ಪ್ರಿಯಂವದೆಯರಿಗೆ ಸುದ್ದಿ ಹೇಳಿಕಳುಹಿಸಿದವರು ಯಾರೂ ಇಲ್ಲ.